ಧಾರವಾಡಕ್ಕಿಂತ ಮೊದಲು ಇಂಡಿ ಬರುತ್ತದೆ

ನಮಸ್ಕಾರ. ನಮ್ಮ ವಿಜಯಪುರದ ಕಡೆ ಯಾರಾದರೂ ಸ್ವಲ್ಪ ವಿಚಿತ್ರವಾಗಿ ಆಡಿದರೆ ಸಾಕು, ‘ಇವನನ್ನು ಧಾರವಾಡಕ್ಕೆ ಕಳಿಸಬೇಕು’ ಎಂದು ನಗುತ್ತೇವೆ. ಅಲ್ಲಿನ ಮಾನಸಿಕ ಆಸ್ಪತ್ರೆ, ಈಗಿನ ಡಿಮ್ಹಾನ್ಸ್, ಬ್ರಿಟಿಷರ ಕಾಲದಿಂದ ಉತ್ತರ ಕರ್ನಾಟಕದ ಎಷ್ಟೋ ಮನೆಗಳನ್ನು ಉಳಿಸಿಕೊಂಡು ಬಂದಿದೆ. ಅಂಥ ಊರಿನ ಹೆಸರನ್ನೇ ಬೈಗುಳ ಮಾಡಿಕೊಂಡೆವು. ಪೇಡೆ ಬೇಕಾದಾಗ ಮಾತ್ರ ಅದೇ ಧಾರವಾಡ ಸಿಹಿ!

ಈ ತಮಾಷೆಯ ದಂಡ ಕಟ್ಟುತ್ತಿರುವವರು ಬೇರೆ. ನಮ್ಮ ಲೆಕ್ಕದಲ್ಲಿ ಮನುಷ್ಯ ಒಂದೋ ಗಟ್ಟಿಯಾಗಿರುತ್ತಾನೆ, ಇಲ್ಲವೇ ಅವನಿಗೆ ಹುಚ್ಚು. ಆತಂಕ, ಖಿನ್ನತೆ ಇರುವುದು ಇವೆರಡರ ನಡುವೆ. ಆ ನಡುವಿನವರು ಎಲ್ಲಿಗೆ ಹೋಗಬೇಕು ಎಂಬುದೇ ನಮಗೆ ಗೊತ್ತಿಲ್ಲ. ಹಾಗಾಗಿ ಅವರು ಹೃದಯದ ಡಾಕ್ಟರ ಬಳಿ ಹೋಗುತ್ತಾರೆ.

ತಿಕೋಟಾ ಕಡೆಯ ಒಬ್ಬ ದ್ರಾಕ್ಷಿ ಬೆಳೆಗಾರರ ಕೈಚೀಲ ನೋಡಿದ್ದೇನೆ. ಬಟ್ಟೆ ಅಂಗಡಿಯ ಚೀಲ, ಅದರೊಳಗೆ ಇಸಿಜಿ, ಎಕೋ, ಎಂಡೋಸ್ಕೋಪಿ, ಮೂರು ಊರಿನ ಚೀಟಿಗಳು. ಎದೆ ಹಿಡಿದಂತಾಗುತ್ತದೆ, ಹೊಟ್ಟೆ ಉಬ್ಬರಿಸುತ್ತದೆ, ತಲೆ ಕಾದಂತಿರುತ್ತದೆ ಎಂದು ಅಲೆದಿದ್ದರು. ವರದಿಗಳೆಲ್ಲ ಸರಿಯಾಗಿದ್ದವು. ‘ನಿಮಗೇನೂ ಆಗಿಲ್ಲ, ಟೆನ್ಷನ್ ಬಿಡಿ’ ಎಂದು ಕಳಿಸಿದ್ದರು. ಅವರ ಹೆಂಡತಿ ಹೇಳಿದ ಒಂದು ಮಾತು ಮಾತ್ರ ಯಾವ ಚೀಟಿಯಲ್ಲೂ ಇರಲಿಲ್ಲ: ‘ನಸುಕಿನ ಮೂರು ಗಂಟೆಗೇ ಎದ್ದು ಕೂರುತ್ತಾರೆ. ತಾಸಗಾಂವದ ಒಣದ್ರಾಕ್ಷಿ ಪೇಟೆಯಲ್ಲಿ ರೇಟು ಎಷ್ಟು ಎಂದು ಕೇಳುವುದನ್ನೂ ಬಿಟ್ಟಿದ್ದಾರೆ.’

ನನ್ನ ಪ್ರಕಾರ ರೋಗ ಅರ್ಧ ಪತ್ತೆಯಾದದ್ದು ಅಲ್ಲೇ. ಒಣದ್ರಾಕ್ಷಿ ಶೆಡ್ಡಿನಲ್ಲಿರುವಾಗ ಮೋಡ ಕವಿದರೆ ಯಾರಿಗಾದರೂ ಒತ್ತಡವೇ. ಮೋಡ ಚದುರಿದರೆ ಅದೂ ಇಳಿಯುತ್ತದೆ. ಆಕಾಶ ನಿಚ್ಚಳವಾಗಿದ್ದರೂ ದಲ್ಲಾಳಿಗೆ ದಿನಕ್ಕೆ ಹತ್ತು ಸಲ ಫೋನ್ ಮಾಡುವಂತಾದರೆ ಅದು ಆತಂಕ. ಮಾಲು ಕೋಲ್ಡ್ ಸ್ಟೋರೇಜಿನಲ್ಲಿದ್ದೂ ಫೋನೇ ಮಾಡದೆ ಗೋಡೆ ನೋಡುತ್ತ ಕುಳಿತರೆ ಖಿನ್ನತೆಯ ಅನುಮಾನ ಬರಬೇಕು. ಎಷ್ಟೋ ಜನರಿಗೆ ಎರಡೂ ಒಟ್ಟಿಗೆ ಇರುತ್ತವೆ. ಬೇಸರವಾಗಲಿ ನಿರಾಸಕ್ತಿಯಾಗಲಿ ಎರಡು ವಾರ ಬಿಡದೆ ಕಾಡಿ, ಜೊತೆಗೆ ನಿದ್ದೆ, ಹಸಿವು, ಗಮನ ಕೆಟ್ಟು, ‘ಎಲ್ಲ ನನ್ನಿಂದಲೇ ಹಾಳಾಯಿತು’ ಎಂಬ ಕೊರಗು ಸೇರಿದರೆ ವೈದ್ಯರನ್ನು ಕಾಣಲೇಬೇಕು. ಥೈರಾಯ್ಡ್, ರಕ್ತಹೀನತೆಯೂ ಇದೇ ವೇಷದಲ್ಲಿ ಬರುವುದುಂಟು. ಹಾಗಾಗಿ ರಕ್ತಪರೀಕ್ಷೆ ವ್ಯರ್ಥವಲ್ಲ, ಅಲ್ಲಿಗೇ ನಿಲ್ಲುವುದು ತಪ್ಪು.

ಹೆಂಗಸರ ವಿಷಯದಲ್ಲಿ ನಾವು ಇನ್ನೂ ಕಠೋರ. ನಿತ್ಯ ಬೆಳಗಾಗುವುದರೊಳಗೆ ಬುಟ್ಟಿ ತುಂಬ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟು ನಾದಿ, ಹೆಂಚು ಕಾಯಿಸಿ, ಕೈ ಆಡದೆ ಕುಳಿತಳೆಂದರೆ ಅವಳಿಗೆ ಸಿಗುವ ಬಿರುದು ‘ಮೈಗಳ್ಳಿ’. ಖಿನ್ನತೆ ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು. ಹೆರಿಗೆಯಾದ ಮೇಲೂ ಬರುತ್ತದೆ. ಬಾಣಂತಿಗೆ ಅಂಟಿನುಂಡೆ ಕೊಡುವ ಮನೆ, ಅವಳು ಏಕೆ ಅಳುತ್ತಾಳೆ ಎಂದು ಕೇಳುವುದಿಲ್ಲ.

ಚಿಕಿತ್ಸೆಯ ಬಗ್ಗೆ ಒಂದು ಮಾತು ಒತ್ತಿ ಹೇಳುತ್ತೇನೆ. ಖಿನ್ನತೆಯ ಮಾತ್ರೆ ತಲೆನೋವಿನ ಮಾತ್ರೆಯಂತೆ ಗಂಟೆಯಲ್ಲಿ ಕೆಲಸ ಮಾಡುವುದಿಲ್ಲ. ಗುಣ ಕಾಣಲು ಎರಡರಿಂದ ಆರು ವಾರ ಬೇಕು. ಮೊದಲ ವಾರದಲ್ಲಿ ಹೊಟ್ಟೆ ತೊಳಸಬಹುದು. ನಮ್ಮವರು ಸರಿಯಾಗಿ ಆ ವಾರದಲ್ಲೇ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ಎರಡು ತಿಂಗಳಿಗೆ ಚೇತರಿಸಿಕೊಂಡು, ‘ಇನ್ನೇಕೆ?’ ಎಂದು ತಾವೇ ನಿಲ್ಲಿಸುತ್ತಾರೆ. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕು, ಬಿಡುವಾಗ ವೈದ್ಯರು ಹೇಳಿದಂತೆ ನಿಧಾನವಾಗಿ ಬಿಡಬೇಕು. ‘ಚಟವಾಗುತ್ತದೆ’ ಎಂದು ಇದಕ್ಕೆ ಹೆದರುವವರು ಚೀಟಿಯಿಲ್ಲದೆ ಮೆಡಿಕಲ್ ಅಂಗಡಿಯಿಂದ ಆಲ್ಪ್ರಜೋಲಾಂ ಎಂಬ ಆತಂಕ ತಗ್ಗಿಸುವ ಮಾತ್ರೆ ತಂದು ನುಂಗುತ್ತಾರೆ! ಚಟ ಹತ್ತಿಸುವುದು ಅದು. ಮದ್ಯವಂತೂ ರಾತ್ರಿ ಮಲಗಿಸಿ, ನಸುಕಿನಲ್ಲಿ ಎಬ್ಬಿಸಿ ಕೂರಿಸುತ್ತದೆ.

ನನ್ನ ಮಾತಿಗೆ ಯಾರಾದರೂ ಸಿಟ್ಟಾಗಬಹುದು. ‘ಮಳೆ ಹೂವಿಗೆ ಬಿದ್ದು ದಾವಣಿ ರೋಗ ಬಂತು, ಬ್ಯಾಂಕಿನ ನೋಟಿಸು ಬಂತು, ಮಾತ್ರೆ ಸಾಲ ತೀರಿಸುತ್ತದೆಯೇ?’ ತೀರಿಸುವುದಿಲ್ಲ. ಸಾಲಕ್ಕೆ ಪ್ರಾಣಾಯಾಮ ಹೇಳಿಕೊಡುವವರನ್ನು ಕಂಡರೆ ನನಗೂ ಆಗದು. ಉಸಿರು ನಿಧಾನವಾಗಿ ಬಿಡುವುದರಿಂದ ಎದೆಬಡಿತ ತಗ್ಗುತ್ತದೆ, ಬಡ್ಡಿ ತಗ್ಗುವುದಿಲ್ಲ. ಆದರೆ ಸಾಲದ ಗಂಟು ಬಿಚ್ಚಲು ಬ್ಯಾಂಕಿಗೆ ಹೋಗಬೇಕು, ಕಾಗದ ಓದಬೇಕು, ಮಾಲು ಇಂದು ಮಾರುವುದೋ ತಡೆಯುವುದೋ ಎಂದು ನಿರ್ಧರಿಸಬೇಕು. ಖಿನ್ನತೆ ಮೊದಲು ತಿನ್ನುವುದೇ ಈ ಶಕ್ತಿಯನ್ನು. ಚಿಕಿತ್ಸೆ ಬೇಕಾದದ್ದು ಅದಕ್ಕೆ.

ಇನ್ನೊಂದನ್ನು ಮನೆಯವರು ಇಂದೇ ಮಾಡಬಹುದು. ತೋಟದ ಶೆಡ್ಡಿನಲ್ಲಿ ಕೀಟನಾಶಕದ ಡಬ್ಬಿಗಳಿದ್ದರೆ ಬೀಗ ಹಾಕಿ, ಕೀಲಿಯನ್ನು ಬೇರೆಯವರಿಗೆ ಕೊಡಿ. ‘ಸಾಯಬೇಕು ಅನಿಸುತ್ತದೆಯೇ?’ ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಪೊಲೀಸ್ ಕೇಸಿನ ಭಯದಿಂದ ಮುಚ್ಚಿಡುವ ಕಾಲವೂ ಹೋಯಿತು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಹೊಣೆ.

ಹಾಗಾದರೆ ಧಾರವಾಡಕ್ಕೇ ಹೋಗಬೇಕೇ? ತೀರಾ ತೀವ್ರವಾದರೆ ಹೋಗಬೇಕು. ಉಳಿದವರಿಗೆ ನಮ್ಮ ಜಿಲ್ಲೆಯಲ್ಲೇ ಇಂಡಿ, ಸಿಂದಗಿ, ಮುದ್ದೇಬಿಹಾಳದ ಸರ್ಕಾರಿ ತಾಲ್ಲೂಕು ಆಸ್ಪತ್ರೆಗಳಿವೆ. ಸಾಮಾನ್ಯ ವೈದ್ಯರಿಗೆ ತರಬೇತಿ ಕೊಟ್ಟರೆ ಹಳ್ಳಿಯಲ್ಲೇ ಈ ಚಿಕಿತ್ಸೆ ಸಾಧ್ಯ ಎಂದು ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 1980ರ ದಶಕದಲ್ಲೇ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿತು. ಅದೇ ಮಾದರಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಇಷ್ಟಾದರೂ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಖಿನ್ನತೆ ಇದ್ದ 100 ಜನರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಮಂಗಳವಾರದಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ‘ಮನೋಚೈತನ್ಯ’ ಎಂಬ ವ್ಯವಸ್ಥೆ ರಾಜ್ಯದಲ್ಲಿದೆ. ನಿಮ್ಮಲ್ಲಿ ಯಾವ ಮಂಗಳವಾರ ಬರುತ್ತಾರೆ ಎಂದು ಆಸ್ಪತ್ರೆಯ ಕಿಟಕಿಯಲ್ಲಿ ವಿಚಾರಿಸಿ. ಬರುತ್ತಿಲ್ಲವಾದರೆ ಏಕೆಂದು ಜೋರಾಗಿಯೇ ಕೇಳಿ. ರಸ್ತೆಗಾಗಿ ಶಾಸಕರ ಮನೆ ಬಾಗಿಲು ಬಡಿಯುವ ನಾವು ಇದಕ್ಕೇಕೆ ಸಂಕೋಚಪಡಬೇಕು?

ಅಲ್ಲಿಯವರೆಗೆ ಕಾಯಲಾಗದವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಹಗಲು ರಾತ್ರಿ ಯಾವಾಗ ಮಾಡಿದರೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ನಸುಕಿನ ಮೂರು ಗಂಟೆಗೂ ಎತ್ತುತ್ತಾರೆ.