ಮೊದಲು ಚೀಲ, ಆಮೇಲೆ ಮಗು: ಮೂತ್ರದ ಕ್ಯಾಥೆಟರ್ ಇರುವ ಮಕ್ಕಳ ಆರೈಕೆ

[ದೃಶ್ಯ: ಮಂಚದ ಅಂಚಿನ ಕೊಕ್ಕೆಯಲ್ಲಿ ನೇತಾಡುತ್ತಿರುವ ಮೂತ್ರದ ಚೀಲ, ಅಲ್ಲಿಂದ ಮಗುವಿನ ತೊಡೆಯವರೆಗೆ ಹೋಗಿರುವ ಕೊಳವೆ.]

ನಮಸ್ಕಾರ. ಕ್ಯಾಥೆಟರ್, ಅಂದರೆ ಮೂತ್ರಕೋಶದಿಂದ ಮೂತ್ರವನ್ನು ಚೀಲಕ್ಕೆ ಇಳಿಸುವ ತೆಳು ಕೊಳವೆ, ಹಾಕಿದ ಮಗುವನ್ನು ಮನೆಗೆ ಕರೆತಂದ ಮೇಲೆ ಸುಲಭವಾಗಿ ಆಗಿಬಿಡುವ ಒಂದು ಅವಘಡವನ್ನು ಮೊದಲು ಹೇಳುತ್ತೇನೆ. ಮಗು ಅಳುತ್ತದೆ, ಯಾರೋ ಗಾಬರಿಯಿಂದ ಎತ್ತಿಕೊಳ್ಳುತ್ತಾರೆ, ಚೀಲ ಮಾತ್ರ ಕೊಕ್ಕೆಯಲ್ಲೇ ಉಳಿದಿರುತ್ತದೆ. ಕೊಳವೆ ಬಿಗಿದು ಮಗು ಕಿಟಾರನೆ ಕಿರುಚಿಕೊಳ್ಳುತ್ತದೆ. ಆದ್ದರಿಂದ ಮನೆಯ ಎಲ್ಲರೂ ರೂಢಿಸಿಕೊಳ್ಳಬೇಕಾದ ಕ್ರಮವೆಂದರೆ, ಮೊದಲು ಚೀಲವನ್ನು ಕೈಗೆ ತೆಗೆದುಕೊಂಡು ಆಮೇಲೆ ಮಗುವನ್ನು ಎತ್ತುವುದು.

ಫೋಲಿ ಎಂಬ ಈ ಬಗೆಯ ಕ್ಯಾಥೆಟರ್‌ನ ತುದಿಯಲ್ಲಿ, ಮೂತ್ರಕೋಶದ ಒಳಗೆ, ಕೆಲವೇ ಮಿಲಿಲೀಟರ್ ನೀರು ತುಂಬಿದ ಪುಟ್ಟ ಬಲೂನು ಇರುತ್ತದೆ. ಕೊಳವೆ ಜಾರದಂತೆ ಹಿಡಿದಿಡುವುದು ಅದೇ. ಜಗ್ಗಿದಾಗ ಮೂತ್ರಕೋಶದ ಬಾಯಿಯನ್ನೂ ಮೂತ್ರನಾಳವನ್ನೂ ಗಾಯಗೊಳಿಸಬಲ್ಲದ್ದೂ ಅದೇ. ಆದ ಕಾರಣ ಆಸ್ಪತ್ರೆಯಲ್ಲಿ ತೋರಿಸಿದ ಜಾಗದಲ್ಲಿ ಕೊಳವೆಯನ್ನು ಟೇಪಿನಿಂದ ಅಂಟಿಸಿ, ಮಗು ಕಾಲು ಆಡಿಸಿದರೂ ಎಳೆತ ಬೀಳದಷ್ಟು ಸಡಿಲ ಬಿಡಬೇಕು. ಮಕ್ಕಳ ಕೊಳವೆ ಬಹಳ ತೆಳು: ಕ್ಯಾಥೆಟರ್ ದಪ್ಪವನ್ನು ಹೇಳುವ 'ಫ್ರೆಂಚ್' ಎಂಬ ಮಾನದಲ್ಲಿ 8 ಅಳತೆಯದ್ದರ ಹೊರವ್ಯಾಸ ಸುಮಾರು 2.7 ಮಿಲಿಮೀಟರ್ ಮಾತ್ರ. ಹೊದಿಕೆಯ ಅಡಿಯಲ್ಲಿ ಅದು ಮಡಚಿಕೊಂಡರೆ ಗೊತ್ತೇ ಆಗುವುದಿಲ್ಲ.

[ದೃಶ್ಯ: ಚೀಲವನ್ನು ಖಾಲಿ ಮಾಡುತ್ತಿರುವ ಕೈಗಳು.]

ಮೂತ್ರ ತಾನಾಗಿ ಇಳಿಮುಖವಾಗಿ ಹರಿಯುವುದರಿಂದ ಚೀಲ ಸದಾ ಮೂತ್ರಕೋಶಕ್ಕಿಂತ ಕೆಳಗಿರಬೇಕು, ಆದರೆ ನೆಲಕ್ಕೆ ತಾಗಬಾರದು. ಚೀಲದಿಂದ ಮೂತ್ರ ಹಿಂದಕ್ಕೆ ಹರಿದರೆ ಸೋಂಕಿನ ಅಪಾಯ ಹೆಚ್ಚುತ್ತದೆ. ಚೀಲ ಅರ್ಧ ತುಂಬುವಷ್ಟರಲ್ಲಿ ಖಾಲಿ ಮಾಡಿ. ಭಾರವಾದ ಚೀಲವೂ ಕೊಳವೆಯನ್ನು ಎಳೆಯುತ್ತದೆ. ಸೋಪಿನಿಂದ ಕೈ ತೊಳೆದು, ಅಳತೆಯ ಪಾತ್ರೆಯ ಮೇಲೆ ಚೀಲದ ಕೆಳಬಾಯಿಯನ್ನು ಪಾತ್ರೆಗೆ ತಾಗದಂತೆ ಹಿಡಿದು ತೆರೆಯಿರಿ. ಮುಚ್ಚಿದ ಮೇಲೆ ಮತ್ತೆ ಕೈ ತೊಳೆದು, ಎಷ್ಟು ಮೂತ್ರ ಬಂತೆಂದು ಬರೆದಿಡಿ. ಸಾಮಾನ್ಯವಾಗಿ ಮಗುವಿನ ಪ್ರತಿ ಕಿಲೋ ತೂಕಕ್ಕೆ ಗಂಟೆಗೆ 1 ಮಿಲಿಲೀಟರ್‌ನಷ್ಟಾದರೂ ಮೂತ್ರವನ್ನು ನಿರೀಕ್ಷಿಸುತ್ತಾರೆ. 10 ಕಿಲೋ ತೂಕದ ಮಗುವಿಗೆ ದಿನಕ್ಕೆ 240 ಮಿಲಿಲೀಟರ್ ಆಯಿತು.

ದಿನಕ್ಕೊಮ್ಮೆ ಮತ್ತು ಮಲವಿಸರ್ಜನೆಯ ನಂತರ ಪ್ರತಿ ಬಾರಿ, ಕೊಳವೆ ಒಳಹೋಗುವ ಜಾಗವನ್ನು ಮೃದುವಾದ ಸೋಪು ಮತ್ತು ನೀರಿನಿಂದ ತೊಳೆಯಬೇಕು. ಹೆಣ್ಣುಮಕ್ಕಳಿಗೆ ಮುಂದಿನಿಂದ ಹಿಂದಕ್ಕೆ ಒರೆಸಿ. ಗಂಡುಮಕ್ಕಳ ಮುಂದೊಗಲನ್ನು ಬಲವಂತವಾಗಿ ಹಿಂದೆಳೆಯಬೇಡಿ. ಪೌಡರ್ ಬೇಡ.

ಇನ್ನು ಮಗುವಿನ ಮಾತಿಗೆ ಬರುತ್ತೇನೆ, ನಾವು ಹೆಚ್ಚು ಎಡವುವುದು ಇಲ್ಲೇ. ಚೀಲಕ್ಕೆ ಮೂತ್ರ ಚೆನ್ನಾಗಿ ಇಳಿಯುತ್ತಿದ್ದರೂ ಮಗು "ಅಮ್ಮಾ, ಸುಸ್ಸು ಬರ್ತಿದೆ" ಎಂದು ಮತ್ತೆ ಮತ್ತೆ ಹೇಳಬಹುದು. ಅದು ಹಟವಲ್ಲ. ಒಳಗಿನ ಬಲೂನು ತಾಗಿದಾಗ ಮೂತ್ರಕೋಶಕ್ಕೆ ನಿಜವಾಗಿಯೂ ಒತ್ತಡ ಅನ್ನಿಸುತ್ತದೆ. ಕೆಲವೊಮ್ಮೆ ಮೂತ್ರಕೋಶ ಥಟ್ಟನೆ ಬಿಗಿಹಿಡಿದು, ಮಗು ಕಾಲು ಮಡಚಿಕೊಂಡು ಅಳುತ್ತದೆ, ಕೊಳವೆಯ ಪಕ್ಕದಿಂದ ಮೂತ್ರ ಸೋರುತ್ತದೆ. ಆಗ ಗದರದೆ, "ಹೌದು, ಹಾಗೆ ಅನ್ನಿಸುತ್ತದೆ, ಆದರೆ ಸುಸ್ಸು ತಾನಾಗಿ ಚೀಲಕ್ಕೆ ಹೋಗ್ತಿದೆ, ನೋಡು" ಎಂದು ತೋರಿಸಿ. ಮಲಬದ್ಧತೆ ಈ ಸೆಳೆತವನ್ನು ಹೆಚ್ಚಿಸುತ್ತದೆ, ಆದ್ದರಿಂದ ವೈದ್ಯರು ಮಿತಿ ಹೇಳಿಲ್ಲವಾದರೆ ನೀರು ಚೆನ್ನಾಗಿ ಕುಡಿಸಿ. ಸೆಳೆತ ಪದೇ ಪದೇ ಬಂದರೆ ಔಷಧವಿದೆ, ವೈದ್ಯರಿಗೆ ತಿಳಿಸಿ.

ಮೂತ್ರ ಬರುವುದು ನಿಂತರೆ, ಕೊಳವೆ ಮಡಚಿದೆಯೇ, ಮಗು ಅದರ ಮೇಲೆ ಮಲಗಿದೆಯೇ, ಚೀಲ ಮೇಲಿದೆಯೇ ಎಂದು ನೋಡಿ. ಇವೆಲ್ಲ ಸರಿಯಿದ್ದೂ ಎರಡು ಗಂಟೆ ಹನಿಯೂ ಬಾರದಿದ್ದರೆ, ಅಥವಾ ಕಿಬ್ಬೊಟ್ಟೆ ಉಬ್ಬಿ ನೋಯುತ್ತಿದ್ದರೆ, ಆಸ್ಪತ್ರೆಗೆ ಕರೆ ಮಾಡಿ. 38 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚಿನ ಜ್ವರ, ವಾಂತಿ, ದುರ್ವಾಸನೆಯ ಕದಡಿದ ಮೂತ್ರ, ಹೆಚ್ಚುತ್ತಿರುವ ರಕ್ತ, ಇವು ಕಂಡರೂ ಕಾಯದೆ ಕರೆ ಮಾಡಿ. ಕೊಳವೆ ಕಳಚಿ ಬಿದ್ದರೆ ಮತ್ತೆ ತೂರಿಸಬೇಡಿ. ಬಿದ್ದದ್ದನ್ನು ಎಸೆಯದೆ ಜೊತೆಗೆ ಒಯ್ದರೆ ಬಲೂನಿನ ಚೂರು ಒಳಗೆ ಉಳಿದಿಲ್ಲವೆಂದು ವೈದ್ಯರು ಪರೀಕ್ಷಿಸಬಹುದು.

ಮನೆಗೆ ಹೊರಡುವ ಮುನ್ನವೇ ಕ್ಯಾಥೆಟರ್ ತೆಗೆಯುವ ದಿನಾಂಕವನ್ನು ಕೇಳಿ ಬರೆದುಕೊಳ್ಳಿ, ಏಕೆಂದರೆ ದಿನ ಕಳೆದಂತೆ ಸೋಂಕಿನ ಅಪಾಯ ಹೆಚ್ಚುತ್ತದೆ. ತೆಗೆದ ಮೇಲೆ ಮೊದಲ ಕೆಲವು ಸಲ ಉರಿಯಬಹುದು ಎಂದು ಮಗುವಿಗೆ ಮುಂಚೆಯೇ ಹೇಳಿ. ಆರು ಗಂಟೆಯಾದರೂ ಮಗು ಮೂತ್ರ ಮಾಡದಿದ್ದರೆ ಮತ್ತೆ ವೈದ್ಯರಿಗೆ ತಿಳಿಸಿ.