ಕಾರಿನ ಮುಂದಿನ ಚಕ್ರದಲ್ಲಿ ಸದ್ದು: ಎಲ್ಲಿಂದ ಅನ್ನೋದಕ್ಕಿಂತ ಮೊದಲು ಯಾವಾಗ ಅಂತ ನೋಡಿ

ಒಂದು ಕ್ಷಣ ಕಿವಿಗೊಟ್ಟು ಕೇಳಿ. ಗುಂಯ್ ಅಂತ ಒಂದೇ ಸಮನೆ ಬರ್ತಾ ಇದೆಯಲ್ಲ, ಅದು. ಕುಮಟಾದಿಂದ ಅಂಕೋಲಾ ಕಡೆಗೆ ಹೆದ್ದಾರಿ 66ರಲ್ಲಿ ಗಾಡಿ 60ರಲ್ಲಿ ಓಡ್ತಾ ಇದೆ. ಈಗ ಕ್ಲಚ್ ಒತ್ತಿದ್ವಿ. ಇಂಜಿನ್ ಸದ್ದು ಇಳೀತು, ಗುಂಯ್ ನಿಲ್ಲಲಿಲ್ಲ. ಅಂದ್ರೆ ಇದು ಇಂಜಿನ್‌ದಲ್ಲ, ಚಕ್ರದ ಕಡೆಯದ್ದು.

ಹಿಂದೆ ಮುಂದೆ ಗಾಡಿ ಇಲ್ಲದಾಗ ನಮ್ಮ ಲೇನ್ ಒಳಗೇ ಸ್ಟೀರಿಂಗ್ ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ. ಎಡಕ್ಕೆ ತಿರುಗಿದಾಗ ಭಾರ ಬಲಗಡೆ ಚಕ್ರದ ಮೇಲೆ ಬೀಳ್ತದೆ. ಆಗ ಸದ್ದು ಜೋರಾದ್ರೆ ಅನುಮಾನ ಬಲಗಡೆ ಬೇರಿಂಗ್ (ಚಕ್ರ ಸಲೀಸಾಗಿ ತಿರುಗೋಕೆ ಒಳಗಿರೋ ಗುಂಡುಗಳ ಬಳೆ) ಮೇಲೆ. ಇದೊಂದನ್ನೇ ನಂಬಿ ಬೇರಿಂಗ್ ತರೋಕೆ ಹೋಗ್ಬೇಡಿ. ಸವೆದ ಟೈರ್ ಕೂಡ ಹೀಗೇ ಗುಂಯ್ಗುಡ್ತದೆ. ಡಾಂಬರಿನಿಂದ ಕಾಂಕ್ರೀಟ್‌ಗೆ ಬಂದಾಗ ಸದ್ದಿನ ಧಾಟಿ ಬದಲಾದ್ರೆ ಟೈರ್. ರಸ್ತೆ ಬದಲಾದ್ರೂ ಅದೇ ಧಾಟಿ ಇದ್ರೆ ಬೇರಿಂಗ್. ಟೈರ್ ಮೇಲೆ ಅಂಗೈ ಆಡಿಸಿ ನೋಡಿ: ಒಂದು ಕಡೆಗೆ ನುಣ್ಣಗೆ, ವಾಪಸ್ ಎಳೆದಾಗ ಗರಗಸದ ಹಲ್ಲಿನ ಹಾಗೆ ತಾಗಿದ್ರೆ ಉತ್ತರ ಅಲ್ಲೇ ಇದೆ.

ಈಗ ಜ್ಯಾಕ್. ಸಮತಟ್ಟಾದ ಗಟ್ಟಿ ನೆಲ, ಹ್ಯಾಂಡ್‌ಬ್ರೇಕ್, ಹಿಂದಿನ ಚಕ್ರಕ್ಕೆ ಅಡ್ಡಗಲ್ಲು. ಕರಾವಳಿ ಗಾಡಿಯಾದ್ರೆ ಬಾಗಿಲ ಕೆಳಗಿನ ಜ್ಯಾಕ್ ಪಾಯಿಂಟ್ ಮೊದಲು ಕುಟ್ಟಿ ನೋಡಿ. ಉಪ್ಪು ಗಾಳಿಗೆ ತುಕ್ಕು ತಿಂದ ತಗಡು ಭಾರ ತಡೆಯೋದಿಲ್ಲ. ಎತ್ತಿದ ಮೇಲೆ ಸ್ಟ್ಯಾಂಡ್ ಕೊಡ್ಲೇಬೇಕು. ಬರೀ ಜ್ಯಾಕ್ ನಂಬಿ ಕೈ ಒಳಗೆ ಹಾಕ್ಬೇಡಿ.

ಗಡಿಯಾರದ 12 ಮತ್ತು 6ರ ಜಾಗದಲ್ಲಿ ಚಕ್ರ ಹಿಡಿದು ಅಲುಗಾಡಿಸಿ. ಆಟ, ಅಂದ್ರೆ ಸಡಿಲ, ಇದೆಯಾ? ಒಬ್ಬರು ಬ್ರೇಕ್ ಒತ್ತಿ ಹಿಡೀಲಿ, ಮತ್ತೆ ಅಲುಗಾಡಿಸಿ. ಬ್ರೇಕ್ ಒತ್ತಿದಾಗ ಆಟ ಮಾಯ ಆದ್ರೆ ಬೇರಿಂಗ್, ಹಾಗೇ ಉಳಿದ್ರೆ ಬಾಲ್ ಜಾಯಿಂಟ್, ಅಂದ್ರೆ ಚಕ್ರದ ಭಾಗವನ್ನು ಸಸ್ಪೆನ್ಷನ್‌ಗೆ ಸೇರಿಸೋ ಗುಂಡು ಕೀಲು. 9 ಮತ್ತು 3ರಲ್ಲಿ ಮಾತ್ರ ಆಟ ಇದ್ರೆ ಟೈ ರಾಡ್ ಎಂಡ್, ಅಂದ್ರೆ ಸ್ಟೀರಿಂಗಿನಿಂದ ಚಕ್ರಕ್ಕೆ ಬರೋ ಸರಳಿನ ತುದಿಯ ಕೀಲು.

ಆಟವೇ ಇಲ್ಲ, ಸದ್ದು ಮಾತ್ರ ಇದೆ ಅಂತಾದ್ರೆ ಈ ಉಪಾಯ ಮಾಡಿ. ಒಂದು ಕೈಲಿ ಸಸ್ಪೆನ್ಷನ್ ಸ್ಪ್ರಿಂಗ್ ಮೇಲೆ ಬೆರಳಿಡಿ, ಇನ್ನೊಂದು ಕೈಲಿ ಚಕ್ರ ತಿರುಗಿಸಿ. ಬೇರಿಂಗ್ ಹೋಗಿದ್ರೆ ಮರಳು ಅರೆದ ಹಾಗೆ ಜರಜರ ಅಂತ ಸ್ಪ್ರಿಂಗಿನಲ್ಲಿ ಬೆರಳಿಗೆ ಗೊತ್ತಾಗ್ತದೆ. ಎರಡೂ ಕಡೆ ಹೋಲಿಸಿ ನೋಡಿ. ಕಿವಿಗೆ ಸಿಗದ್ದು ಎಷ್ಟೋ ಸಲ ಬೆರಳಿಗೆ ಸಿಗ್ತದೆ.

ದೇವಿಮನೆ ಘಾಟಿ ಹತ್ತುವಾಗ ತಿರುವಿನಲ್ಲಿ, ಸ್ಟೀರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಕೊಟ್ಟಾಗ ಮಾತ್ರ ಟಕ್ ಟಕ್ ಟಕ್ ಬಂದ್ರೆ ಅದು ಆಕ್ಸಲ್‌ನ ಹೊರಗಿನ ಸಿವಿ ಜಾಯಿಂಟ್, ಅಂದ್ರೆ ಚಕ್ರ ತಿರುವಿದಾಗಲೂ ಇಂಜಿನ್ ಬಲ ಅದಕ್ಕೆ ದಾಟಿಸೋ ಕೀಲು. ಚಕ್ರದ ಹಿಂದೆ ಟಾರ್ಚ್ ಬಿಡಿ. ಇಲ್ಲಿ, ಜಾಯಿಂಟ್ ಮುಚ್ಚೋ ರಬ್ಬರ್ ಬೂಟಿನ ಮಡಿಕೆ ಹರಿದಿದೆ. ಕಪ್ಪು ಗ್ರೀಸ್ ರಿಮ್ ಒಳಗಡೆ ಸುತ್ತಲೂ ಸಿಡಿದಿದೆ. ಹರಿದ ಬೂಟಿಗೆ ಮಳೆಗಾಲದ ಕೆಂಪು ಕೆಸರು ಹೊಕ್ಕರೆ ಒಳಗಿನ ಗುಂಡುಗಳು ಬೇಗ ಸವೆದು ಹೋಗ್ತವೆ. ಟಕ್ ಟಕ್ ಇನ್ನೂ ಶುರುವಾಗಿಲ್ಲದಿದ್ರೆ ಜಾಯಿಂಟ್ ತೊಳೆದು, ಹೊಸ ಬೂಟ್ ಹಾಕಿ, ಕಿಟ್‌ನಲ್ಲಿ ಬಂದ ಗ್ರೀಸ್ ಪೂರ್ತಿ ತುಂಬಿದ್ರೆ ಸಾಕು. ಶುರುವಾಗಿದ್ರೆ ಬೂಟ್ ಬದಲಿಸಿ ಪ್ರಯೋಜನ ಇಲ್ಲ, ಜಾಯಿಂಟನ್ನೇ ಬದಲಿಸಬೇಕು. ಅದಕ್ಕೇ ಹೇಳೋದು, ಮಳೆಗಾಲಕ್ಕೆ ಮುಂಚೆ ಬೂಟ್ ನೋಡೋದು ತಪ್ಪಿಸ್ಬೇಡಿ.

ಚಿರೆಕಲ್ಲಿನ ಮಣ್ಣು ರಸ್ತೆಯಲ್ಲಿ ನಿಧಾನಕ್ಕೆ ಹೋಗುವಾಗ ಕಟಕಟ? ಹೆಚ್ಚಿನ ಸಲ ಸ್ಟೆಬಿಲೈಸರ್ ಲಿಂಕ್, ಅಂದ್ರೆ ಎರಡೂ ಕಡೆಯ ಸಸ್ಪೆನ್ಷನ್ ಜೋಡಿಸೋ ಬಾರಿನ ತುದಿಯ ಕೊಂಡಿ. ಕಡಿಮೆ ಬೆಲೆಯ ಈ ಭಾಗ ಬಿಟ್ಟು ದುಬಾರಿ ಶಾಕ್ ಅಬ್ಸಾರ್ಬರ್ ಬದಲಿಸಿದವರು ಬಹಳ ಜನ. ಲಿಂಕ್ ಪರೀಕ್ಷೆ ಮಾಡುವಾಗ ಒಂದೇ ಚಕ್ರ ಎತ್ತಬೇಡಿ, ಬಾರ್ ತಿರುಚಿಕೊಂಡು ಆಟ ಮುಚ್ಚಿ ಹೋಗ್ತದೆ. ಎರಡೂ ಚಕ್ರ ನೆಲದ ಮೇಲೆ, ಇಲ್ಲಾ ಎರಡೂ ಮೇಲೆ.

ಬ್ರೇಕಿನ ಸದ್ದು ಬೇರೆ. ರಾತ್ರಿ ಮಳೆಯಲ್ಲಿ ನಿಂತ ಗಾಡಿ ಬೆಳಿಗ್ಗೆ ಕರಕರ ಅಂದು ನಾಲ್ಕೈದು ಬ್ರೇಕಿಗೆ ಸುಮ್ಮನಾದ್ರೆ ಡಿಸ್ಕ್ ಮೇಲಿನ ತೆಳು ತುಕ್ಕು ಅಷ್ಟೇ. ಇದ್ದಕ್ಕಿದ್ದ ಹಾಗೆ ಕೀರಲು ಸದ್ದು ಬಂದ್ರೆ ಡಿಸ್ಕ್ ಮತ್ತು ಅದರ ಹಿಂದಿನ ತಗಡಿನ ನಡುವೆ ಜಲ್ಲಿ ಸಿಕ್ಕಿರಬಹುದು. ಕಾರವಾರದ ಬೈತಖೋಲ್ ಹಾಗೆ ಸಮುದ್ರದ ಪಕ್ಕದಲ್ಲೇ ನಿಲ್ಲೋ ಗಾಡಿಗಳಲ್ಲಿ ಕ್ಯಾಲಿಪರ್ (ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತೋ ಭಾಗ) ಜಾರೋ ಪಿನ್ ಜಾಮ್ ಆಗೋದು ಹೆಚ್ಚು. 10 ಕಿಲೋಮೀಟರ್ ಓಡಿಸಿ ಎರಡೂ ರಿಮ್ ಹತ್ತಿರ ಕೈ ಹಿಡೀರಿ, ಮುಟ್ಟಬೇಡಿ. ಒಂದು ಜಾಸ್ತಿ ಬಿಸಿ ಇದ್ದು, ಒಳಗಿನ ಪ್ಯಾಡ್ ಹೊರಗಿನದ್ದಕ್ಕಿಂತ ತೆಳ್ಳಗಾಗಿದ್ರೆ ಪಿನ್ ಬಿಚ್ಚಿ ಸ್ವಚ್ಛ ಮಾಡಿ, ಬ್ರೇಕಿಗಂತಲೇ ಇರೋ ಸಿಲಿಕೋನ್ ಗ್ರೀಸ್ ಹಚ್ಚಿ. ಮಾಮೂಲಿ ಗ್ರೀಸ್ ಹಚ್ಚಿದ್ರೆ ರಬ್ಬರ್ ಉಬ್ಬಿ ಪಿನ್ ಮತ್ತೆ ಸಿಕ್ಕಿಕೊಳ್ತದೆ. ಪ್ಯಾಡ್ 3 ಮಿಲಿಮೀಟರ್‌ಗೆ ಬಂದಿದ್ರೆ ಎರಡೂ ಚಕ್ರದ್ದು ಒಟ್ಟಿಗೆ ಬದಲಿಸಿ.

ಬೇರಿಂಗ್ ಬದಲಿಸೋದಿದ್ರೆ ಅದನ್ನ ಒತ್ತಿ ಕೂರಿಸೋ ಪ್ರೆಸ್ ಯಂತ್ರ ಇರೋ ಗ್ಯಾರೇಜಿಗೇ ಹೋಗಿ. ಸುತ್ತಿಗೆಯಲ್ಲಿ ಹೊಡೆದು ಕೂರಿಸಿದ ಬೇರಿಂಗ್ ಬೇಗ ಮತ್ತೆ ಗುಂಯ್ಗುಡ್ತದೆ. ನಕಲ್, ಅಂದ್ರೆ ಬೇರಿಂಗ್ ಕೂರೋ ಲೋಹದ ಭಾಗದ ಒಳಗೆ ಕೂರಿಸುವಾಗ ಒತ್ತಡ ಹೊರ ರಿಂಗ್ ಮೇಲೇ ಬೀಳಬೇಕು. ಆಕ್ಸಲ್ ನಟ್ ಹೊಸದಾಗಿರ್ಲಿ, ಮ್ಯಾನ್ಯುಯಲ್ ಹೇಳಿದಷ್ಟೇ ಟಾರ್ಕ್ (ಬಿಗಿ ಮಾಡೋ ಬಲ) ಇರ್ಲಿ. ಚಕ್ರದ ನಟ್ ಅಡ್ಡಡ್ಡ ಕ್ರಮದಲ್ಲಿ ಬಿಗಿ ಮಾಡಿ, 50 ಕಿಲೋಮೀಟರ್ ಓಡಿದ ಮೇಲೆ ಟಾರ್ಕ್ ರೆಂಚ್ ಇಟ್ಟು ಇನ್ನೊಮ್ಮೆ ನೋಡಿ.