ಬಳ್ಳಾರಿಯ ವ್ಯವಹಾರ ಬಳ್ಳಾರಿಯ ತರಗತಿಗೆ ಬರಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ವಿಶ್ವವಿದ್ಯಾಲಯದ ಎಂಬಿಎ ವಿಭಾಗ ಅಂದ ಕೂಡಲೇ ನಮ್ಮ ಭಾಗದ ತಂದೆ ತಾಯಿ ಕೇಳುವುದು ಒಂದೇ ಪ್ರಶ್ನೆ: ‘ಓದಿದ ಮೇಲೆ ನೌಕರಿ ಸಿಗುತ್ತಾ?’ ಎರಡು ವರ್ಷ ಫೀ ಕಟ್ಟಿ, ಹಾಸ್ಟೆಲ್ ಖರ್ಚು ನೋಡಿಕೊಂಡು ಓದಿಸಿದವರು ಕೇಳಲೇಬೇಕು. ಆದರೆ ಬಿಸಿನೆಸ್ ಸ್ಕೂಲ್ ತನ್ನನ್ನು ತಾನು ಕೇಳಿಕೊಳ್ಳಬೇಕಾದ ಪ್ರಶ್ನೆ ಇದಕ್ಕೂ ಮೊದಲು ಬರುತ್ತದೆ. ಮುಂದಿನ ಐದು ವರ್ಷದಲ್ಲಿ ಯಾವ ಕೆಲಸಕ್ಕೆ ಮೊದಲು ಕೈ ಹಾಕಬೇಕು? ಕೆಲಸ ಮುಂದೆ ಸಾಗಿದೆಯೋ ಇಲ್ಲವೋ ಅನ್ನುವುದನ್ನು ಯಾವುದನ್ನು ನೋಡಿ ಹೇಳಬೇಕು? ಇವತ್ತು ಇದರ ಬಗ್ಗೆಯೇ ಮಾತಾಡುತ್ತೇನೆ. ಮ್ಯಾನೇಜ್‌ಮೆಂಟ್ ಪಾಠ ಹೇಳುವ ಒಬ್ಬ ಮೇಷ್ಟ್ರಾಗಿ ನನ್ನ ಸ್ವಂತ ಅಭಿಪ್ರಾಯ ಇದು.

ನಮ್ಮ ಕಡೆ ವಿಶ್ವವಿದ್ಯಾಲಯ ಅನ್ನುವುದೇ ಇತ್ತೀಚಿನದು. ಬಳ್ಳಾರಿಯಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಶುರುವಾಗಿದ್ದು 2010ರಲ್ಲಿ. ಅದಕ್ಕೆ ಮೊದಲು ನಾವೆಲ್ಲ ಗುಲ್ಬರ್ಗ ವಿಶ್ವವಿದ್ಯಾಲಯದ ಕಡೆ ಮುಖ ಮಾಡಿ ಕೂರಬೇಕಿತ್ತು. ಆಮೇಲೆ ರಾಯಚೂರಿಗೂ ಒಂದು ವಿಶ್ವವಿದ್ಯಾಲಯ ಬಂತು. 2023ರಲ್ಲಿ ಕೊಪ್ಪಳಕ್ಕೂ ಬಂತು. ಸಂವಿಧಾನದ 371 ಜೆ ವಿಧಿಯಿಂದ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಸೀಟಿನಲ್ಲೂ ನೌಕರಿಯಲ್ಲೂ ಮೀಸಲಾತಿ ಸಿಕ್ಕಿತು. ಬಾಗಿಲು ತೆರೆದಿದೆ, ಒಳಗೆ ಬರುವ ಮಕ್ಕಳೂ ಇದ್ದಾರೆ. ಆದರೆ 2025ರಲ್ಲಿ ಹೊಸ ವಿಶ್ವವಿದ್ಯಾಲಯಗಳನ್ನು ಮುಂದುವರಿಸಬೇಕೋ ಬೇಡವೋ ಅನ್ನುವ ಚರ್ಚೆ ಸರ್ಕಾರದ ಮಟ್ಟದಲ್ಲೇ ಎದ್ದಿತು. ಆ ಪಟ್ಟಿಯಲ್ಲಿ ಕೊಪ್ಪಳವೂ ಇತ್ತು. ಹಾಗಾಗಿ, ‘ಈ ಊರಿಗೆ ನಮ್ಮಿಂದ ಏನು ಉಪಯೋಗ’ ಅನ್ನುವುದಕ್ಕೆ ಪ್ರತಿ ವಿಭಾಗವೂ ಉತ್ತರ ಇಟ್ಟುಕೊಳ್ಳಬೇಕಾದ ಕಾಲ ಇದು.

ಯಾವುದೇ ಬಿಸಿನೆಸ್ ಸ್ಕೂಲಿನ ಯೋಜನಾ ಪತ್ರ ತೆಗೆದು ನೋಡಿ. ಕಾಲೇಜಿನ ಗುಣಮಟ್ಟ ನೋಡಿ ಕೊಡುವ ನ್ಯಾಕ್ ಶ್ರೇಣಿ, ರಾಷ್ಟ್ರಮಟ್ಟದ ರ‍್ಯಾಂಕ್, ಹೊಸ ಕಟ್ಟಡ, ಸ್ಮಾರ್ಟ್ ಕ್ಲಾಸ್‌ರೂಮ್, ಕಂಪನಿಗಳ ಜೊತೆ ಒಡಂಬಡಿಕೆ. ಇವೆಲ್ಲ ಬೇಕು, ಬೇಡ ಅಂತ ಯಾರೂ ಹೇಳುವುದಿಲ್ಲ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗನ್ನೇ ತೆಗೆದುಕೊಳ್ಳಿ. ಮ್ಯಾನೇಜ್‌ಮೆಂಟ್ ಸಂಸ್ಥೆಗಳಿಗೆ ಅದರಲ್ಲಿ ಬೋಧನೆ ಮತ್ತು ಸೌಲಭ್ಯಕ್ಕೆ 30 ಅಂಕ, ಸಂಶೋಧನೆಗೆ 30, ಓದು ಮುಗಿಸಿದವರ ಸಾಧನೆಗೆ 20, ಎಲ್ಲ ವರ್ಗದವರನ್ನೂ ಒಳಗೊಳ್ಳುವುದಕ್ಕೆ 10, ಹೊರಗಿನವರ ಅಭಿಪ್ರಾಯಕ್ಕೆ 10. ಓದು ಮುಗಿಸಿದವರ ಲೆಕ್ಕದಲ್ಲಿ ಅವರಿಗೆ ಸಿಕ್ಕ ಸಂಬಳವನ್ನೂ ನೋಡುತ್ತಾರೆ. ಈಗ ಯೋಚನೆ ಮಾಡಿ. ಸಿಂಧನೂರಿನ ಒಬ್ಬ ಹುಡುಗಿ ಎಂಬಿಎ ಮುಗಿಸಿ ವಾಪಸ್ ಹೋಗಿ, ಅಪ್ಪನ ರೈಸ್ ಮಿಲ್ಲನ್ನು ಸಾಲದಿಂದ ಎತ್ತಿ ನಿಲ್ಲಿಸಿದಳು ಅಂತಿಟ್ಟುಕೊಳ್ಳಿ. ಹತ್ತು ಜನರಿಗೆ ಕೆಲಸ ಉಳಿಸಿದಳು. ಅವಳಿಗೆ ಸಂಬಳದ ಚೀಟಿಯೇ ಇಲ್ಲವಲ್ಲ, ಅವಳು ಆ ಲೆಕ್ಕದಲ್ಲಿ ಎಲ್ಲಿ ಕಾಣಬೇಕು? ದೇಶಕ್ಕೆಲ್ಲ ಒಂದೇ ಅಳತೆಗೋಲು ಇರಲಿ. ಅದರ ಪಕ್ಕಕ್ಕೆ ನಮ್ಮದೂ ಒಂದು ಇರಬೇಕು ಅನ್ನುವುದು ನನ್ನ ವಾದ.

ಮೊದಲ ಕೆಲಸ ಯಾವುದು ಅಂತ ಕೇಳಿದರೆ ನನ್ನ ಉತ್ತರ ಇದು: ಬಳ್ಳಾರಿ, ಕೊಪ್ಪಳ, ರಾಯಚೂರು ಈ ಮೂರು ಜಿಲ್ಲೆಗಳ ವ್ಯವಹಾರವನ್ನು ಹೋಗಿ ನೋಡಿ, ಬರೆದು, ಪಾಠ ಮಾಡಬೇಕು. ಮ್ಯಾನೇಜ್‌ಮೆಂಟ್ ಭಾಷೆಯಲ್ಲಿ ಇದಕ್ಕೆ ಕೇಸ್ ಅಂತಾರೆ. ಒಂದು ನಿಜವಾದ ಅಂಗಡಿ ಅಥವಾ ಕಾರ್ಖಾನೆಯ ಕಷ್ಟವನ್ನು ಅಂಕಿ ಅಂಶ ಸಮೇತ ಬರೆದು ತರಗತಿಯ ಮುಂದಿಡುತ್ತಾರೆ. ‘ನೀನೇ ಯಜಮಾನ ಆಗಿದ್ದರೆ ಏನು ಮಾಡ್ತಿದ್ದೆ?’ ಅಂತ ಕೇಳುತ್ತಾರೆ. 1908ರಲ್ಲಿ ಶುರುವಾದ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಈ ಪದ್ಧತಿಯಿಂದಲೇ ಹೆಸರು ಮಾಡಿತು. 1961ರಲ್ಲಿ ಅಹಮದಾಬಾದಿನ ಐಐಎಂ ಶುರುವಾದಾಗ ಹಾರ್ವರ್ಡ್‌ನ ಸಹಕಾರದ ಜೊತೆ ಈ ಪದ್ಧತಿಯೂ ಅಲ್ಲಿಗೆ ಬಂತು. ನಮ್ಮ ತರಗತಿಗಳಲ್ಲೂ ಕೇಸ್ ಇವೆ. ಆದರೆ ಅವು ಅಮೆರಿಕದ ಕಾಫಿ ಅಂಗಡಿಯದ್ದು, ಜಪಾನಿನ ಕಾರು ಕಂಪನಿಯದ್ದು, ಜಾಸ್ತಿ ಅಂದರೆ ಮುಂಬೈಯದ್ದು. ಕಾಲೇಜಿನ ಗೇಟಿನಿಂದ ಆಟೋ ಹಿಡಿದರೆ ಕಾಲು ಗಂಟೆಯಲ್ಲಿ ಸಿಗುವ ಜೀನ್ಸ್ ಘಟಕದ ಬಗ್ಗೆ ಪಾಠದಲ್ಲಿ ಒಂದು ಪುಟವೂ ಸಿಗುವುದು ಕಷ್ಟ.

ಬಳ್ಳಾರಿ ಜೀನ್ಸ್ ಕಥೆ ನಿಮಗೆ ಗೊತ್ತೇ ಇದೆ. ಬ್ರಿಟಿಷರ ಕಾಲದ ದಂಡಿನ ಊರು ಇದು. ಯುದ್ಧದ ಕಾಲದಲ್ಲಿ ಸೈನಿಕರ ಸಮವಸ್ತ್ರ ಹೊಲಿಯುತ್ತಿದ್ದ ದರ್ಜಿ ಕುಟುಂಬಗಳು ಆಮೇಲೆ ರೆಡಿಮೇಡ್ ಬಟ್ಟೆಗೆ ಬಂದವು, ಅಲ್ಲಿಂದ ಜೀನ್ಸಿಗೆ ಬಂದವು. ಈಗ ಕೌಲ್ ಬಜಾರ್ ಕಡೆ ಹೋದರೆ ಸಣ್ಣ ಸಣ್ಣ ಮನೆಗಳಲ್ಲೂ ಮಷಿನ್ ಸದ್ದು ಕೇಳುತ್ತದೆ. ಒಂದು ಕಡೆ ಕಟಿಂಗ್, ಇನ್ನೊಂದು ಕಡೆ ಹೊಲಿಗೆ, ಮತ್ತೊಂದು ಕಡೆ ವಾಷಿಂಗ್, ಆಮೇಲೆ ಗುಂಡಿ ಹಚ್ಚುವುದು, ಇಸ್ತ್ರಿ, ಪ್ಯಾಕಿಂಗ್. ಒಂದು ಪ್ಯಾಂಟು ಅಂಗಡಿಗೆ ಹೋಗುವ ಮೊದಲು ಊರಲ್ಲೇ ಇಷ್ಟು ಕೈ ದಾಟಿರುತ್ತದೆ.

ಒಮ್ಮೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಅಂಥ ಒಂದು ಘಟಕಕ್ಕೆ ಹೋಗಿದ್ದೆ. ಯಜಮಾನರು ಚಹಾ ತರಿಸಿ, ಕೆಂಪು ಬಟ್ಟೆ ಹೊದಿಸಿದ ಖಾತೆ ಪುಸ್ತಕವನ್ನು ಮುಂದೆ ಇಟ್ಟರು. ಎಡಗಡೆ ಮಾಲು ಹೋದ ದಿನ, ಬಲಗಡೆ ರೊಕ್ಕ ಬಂದ ದಿನ. ಎಡಗಡೆ ತುಂಬಿತ್ತು, ಬಲಗಡೆ ಅರ್ಧಕ್ಕರ್ಧ ಖಾಲಿ. ನಮ್ಮ ಒಬ್ಬ ಹುಡುಗ, ‘ಅಣ್ಣಾ, ಇದು ಯಾವಾಗ ಬರುತ್ತೆ?’ ಅಂತ ಬೆರಳಿಟ್ಟು ಕೇಳಿದ. ‘ದೀಪಾವಳಿಗೆ ಬರ್ತೈತಪ್ಪಾ, ಇಲ್ಲಾಂದ್ರೆ ಯುಗಾದಿಗೆ’ ಅಂದರು. ನಮ್ಮ ಹುಡುಗ ಕೂತು ಲೆಕ್ಕ ಹಾಕತೊಡಗಿದ. ಆ ಲೆಕ್ಕದ ರೀತಿಯನ್ನು ಬೇರೆ ಅಂಕಿ ಹಿಡಿದು ನಿಮಗೂ ಹೇಳುತ್ತೇನೆ.

ಒಂದು ಘಟಕಕ್ಕೆ ಬಟ್ಟೆ, ಕೂಲಿ, ವಾಷಿಂಗ್ ಎಲ್ಲ ಸೇರಿ ತಿಂಗಳಿಗೆ 10 ಲಕ್ಷ ರೂಪಾಯಿ ಖರ್ಚು ಅಂತಿಟ್ಟುಕೊಳ್ಳಿ. ಮಾಲು ತಗೊಂಡವರು ಮೂರು ತಿಂಗಳಿಗೆ ದುಡ್ಡು ಕೊಡುತ್ತಾರೆ. ಅಂದರೆ ಯಾವಾಗ ನೋಡಿದರೂ 30 ಲಕ್ಷ ರೂಪಾಯಿ ಹೊರಗೆ ಸಿಕ್ಕಿಹಾಕಿಕೊಂಡಿರುತ್ತದೆ. ಅಷ್ಟನ್ನೂ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ತಂದಿದ್ದರೆ ತಿಂಗಳಿಗೆ 60 ಸಾವಿರ ಬಡ್ಡಿಗೇ ಹೋಯಿತು. ಅದೇ ದುಡ್ಡು 45 ದಿನಕ್ಕೆ ಬಂದರೆ ಹೊರಗಿರುವುದು 15 ಲಕ್ಷ, ಬಡ್ಡಿ 30 ಸಾವಿರ. ಉಳಿದ 30 ಸಾವಿರದಲ್ಲಿ ಇಬ್ಬರು ಟೇಲರ್‌ಗಳಿಗೆ ತಿಂಗಳ ಕೂಲಿ ಕೊಡಬಹುದು. ವರ್ಕಿಂಗ್ ಕ್ಯಾಪಿಟಲ್, ಅಂದರೆ ದಿನದಿನದ ವ್ಯವಹಾರ ನಡೆಸಲು ಬೇಕಾದ ದುಡ್ಡು, ಅನ್ನುವ ಪಾಠವನ್ನು ವಿದ್ಯಾರ್ಥಿಗಳು ಪರೀಕ್ಷೆಗೆ ಬರೆದೇ ಇರುತ್ತಾರೆ. ಆದರೆ ಅದು ಒಂದು ಮನೆಯ ಅನ್ನದ ಪ್ರಶ್ನೆ ಅಂತ ಅವರಿಗೆ ತಟ್ಟಿದ್ದು ಆ ಖಾತೆ ಪುಸ್ತಕದ ಮುಂದೆ.

ಇಲ್ಲಿ ಕಾನೂನೂ ಇದೆ. 2006ರ ಎಂಎಸ್‌ಎಂಇ ಕಾಯ್ದೆಯ, ಅಂದರೆ ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಕಾಯ್ದೆಯ ಪ್ರಕಾರ ಸಣ್ಣ ಉದ್ದಿಮೆಯಿಂದ ಮಾಲು ಕೊಂಡವರು ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡಬೇಕು. ಬರಹದ ಒಪ್ಪಂದ ಇಲ್ಲದಿದ್ದರೆ 15 ದಿನ ಅಷ್ಟೇ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2024-25ರ ಅಸೆಸ್‌ಮೆಂಟ್ ವರ್ಷದಿಂದ ಇನ್ನೊಂದು ಬಿಗಿಯೂ ಬಂತು. ಈ ಗಡುವಿನೊಳಗೆ ಕೊಡದ ಬಾಕಿಯನ್ನು ಕೊಂಡವರು ಆ ವರ್ಷದ ಆದಾಯ ತೆರಿಗೆಯಲ್ಲಿ ಖರ್ಚು ಅಂತ ತೋರಿಸುವ ಹಾಗಿಲ್ಲ. ಆದರೆ ಇದರ ರಕ್ಷಣೆ ಬೇಕಾದರೆ ಮೊದಲು ಉದ್ಯಮ್ ಅನ್ನುವ ಕೇಂದ್ರ ಸರ್ಕಾರದ ಸಣ್ಣ ಉದ್ದಿಮೆ ನೋಂದಣಿ ಮಾಡಿಸಿರಬೇಕು. 2020ರ ಜುಲೈಯಿಂದ ಇರುವ ಈ ನೋಂದಣಿಗೆ ಒಂದು ಪೈಸೆ ಫೀ ಇಲ್ಲ. ಆಧಾರ್ ನಂಬರ್ ಹಿಡಿದು ಆನ್‌ಲೈನಿನಲ್ಲಿ ಮಾಡಿಸಬಹುದು. ಮೊದಲನೇ ಸೆಮಿಸ್ಟರ್ ಮಕ್ಕಳು ಶನಿವಾರ ಶನಿವಾರ ಒಂದೊಂದು ಓಣಿಗೆ ಹೋಗಿ ಇದನ್ನು ಮಾಡಿಕೊಟ್ಟರೂ ಅದು ದೊಡ್ಡ ಸೇವೆ.

ಆದರೆ ಕಾನೂನು ಇದೆ ಅಂದ ಮಾತ್ರಕ್ಕೆ ಯಜಮಾನರು ದೂರು ಕೊಡುತ್ತಾರಾ? ಕೊಡುವುದಿಲ್ಲ. ಕೊಟ್ಟರೆ ಮುಂದಿನ ಆರ್ಡರ್ ಬೇರೆಯವರಿಗೆ ಹೋಗುತ್ತದೆ. ಚರ್ಚೆ ನಿಜವಾಗಿ ಶುರುವಾಗಬೇಕಾದ್ದು ಇಲ್ಲಿಂದ. ಬೇಗ ಕೊಟ್ಟವರಿಗೆ ರೇಟಿನಲ್ಲಿ ಸ್ವಲ್ಪ ಬಿಡಬೇಕೇ? ಹತ್ತು ಘಟಕದವರು ಸೇರಿ ‘ಎರಡು ತಿಂಗಳು ದಾಟಿದರೆ ಮಾಲು ಇಲ್ಲ’ ಅಂತ ಕಟ್ಟು ಮಾಡಿಕೊಳ್ಳಬೇಕೇ? ಬಿಲ್ಲನ್ನೇ ಬ್ಯಾಂಕಿಗೆ ತೋರಿಸಿ ಮುಂಗಡ ದುಡ್ಡು ಪಡೆಯುವ ಟ್ರೆಡ್ಸ್ ವ್ಯವಸ್ಥೆ ಇದೆ, ಇಷ್ಟು ಸಣ್ಣ ಘಟಕಕ್ಕೆ ಅದು ಒಗ್ಗುತ್ತದಾ? ಸರಿಯಾದ ಒಂದೇ ಉತ್ತರ ಇಲ್ಲ. ತಲೆ ಕೆಡಿಸಿಕೊಂಡು ಮೂರು ಗಂಟೆ ವಾದ ಮಾಡಿದ ಹುಡುಗ, ನಾಳೆ ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡುವ ಕುರ್ಚಿಯಲ್ಲಿ ಕೂತರೂ, ಆ ಖಾತೆ ಪುಸ್ತಕದ ಬಲಗಡೆಯನ್ನು ಮೊದಲು ನೋಡುತ್ತಾನೆ.

ಬ್ಯಾಂಕ್ ಅಂದೆ. 2025ರ ಮೇ 1ರಂದು ರಾಜ್ಯದ ಎರಡು ಗ್ರಾಮೀಣ ಬ್ಯಾಂಕ್‌ಗಳು ಸೇರಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. ಅದರ ಪ್ರಧಾನ ಕಚೇರಿ ನಮ್ಮ ಬಳ್ಳಾರಿಯಲ್ಲೇ ಇದೆ. ಇಡೀ ರಾಜ್ಯದ ಹಳ್ಳಿ ಸಾಲದ ಅನುಭವ ಒಂದು ಕಟ್ಟಡದಲ್ಲಿದೆ. ತೋರಣಗಲ್ಲಿನಲ್ಲಿ ದೊಡ್ಡ ಉಕ್ಕಿನ ಕಾರ್ಖಾನೆ, ಕೊಪ್ಪಳದ ಭಾನಾಪುರದಲ್ಲಿ ಆಟಿಕೆ ಕ್ಲಸ್ಟರ್, ಅದೇ ಜಿಲ್ಲೆಯಲ್ಲಿ ತಲೆತಲಾಂತರದಿಂದ ಬಂದ ಕಿನ್ನಾಳದ ಮರದ ಬೊಂಬೆ. ಮಷಿನ್ ಆಟಿಕೆಯೂ ಕೈ ಕೆಲಸದ ಬೊಂಬೆಯೂ ಒಂದೇ ಜಿಲ್ಲೆಯಲ್ಲಿ ಇರುವುದು ಮಾರ್ಕೆಟಿಂಗ್ ಪಾಠಕ್ಕೆ ಎಂಥ ಅನುಕೂಲ, ಅಲ್ವಾ?

ಒಣ ಮೆಣಸಿನಕಾಯಿಯ ವಿಷಯ ಇನ್ನೂ ಗಂಭೀರ. ಸಿರುಗುಪ್ಪ, ಕುರುಗೋಡು ಕಡೆಯ ರೈತರು ಬೆಳೆದ ಕಾಯನ್ನು ಲಾರಿ ಮಾಡಿಕೊಂಡು ಹಾವೇರಿ ಜಿಲ್ಲೆಯ ಬ್ಯಾಡಗಿಗೆ ಒಯ್ಯುತ್ತಾರೆ. 2024ರ ಮಾರ್ಚ್ 11ರಂದು ಅಲ್ಲಿ ಒಮ್ಮೆಲೇ ದರ ಬಿದ್ದು, ಸಿಟ್ಟಿಗೆದ್ದ ಜನ ಮಾರುಕಟ್ಟೆ ಕಚೇರಿಗೇ ನುಗ್ಗಿ, ವಾಹನಗಳಿಗೆ ಬೆಂಕಿ ಬಿದ್ದಿದ್ದು ನಿಮಗೆ ನೆನಪಿರಬಹುದು. ಬಳ್ಳಾರಿಯಲ್ಲೇ ಮಾರುಕಟ್ಟೆ ಮಾಡಿ ಅನ್ನುವ ಬೇಡಿಕೆ ಹಳೆಯದು. ಆದರೆ ಪ್ರಾಂಗಣ ಕಟ್ಟಿದ ಮಾತ್ರಕ್ಕೆ ಖರೀದಿದಾರರು ಬರುತ್ತಾರಾ? ಅವರು ಹತ್ತಾರು ವರ್ಷದಿಂದ ಬ್ಯಾಡಗಿಯಲ್ಲಿ ಸೇರುತ್ತಿರುವುದಕ್ಕೆ ಕಾರಣ ಏನು? ಕೋಲ್ಡ್ ಸ್ಟೋರೇಜ್ ಬಾಡಿಗೆ, ಲಾರಿ ಬಾಡಿಗೆ, ಹಮಾಲಿ, ಅಡತಿ ಅಂಗಡಿಯ ಮುಂಗಡ, ಇವೆಲ್ಲ ಕೂಡಿಸಿದರೆ ರೈತನ ಕೈಗೆ ಎಷ್ಟು ಉಳಿಯುತ್ತದೆ? ಇದನ್ನು ಕ್ವಿಂಟಲ್ ಲೆಕ್ಕದಲ್ಲಿ ಎರಡು ಹಂಗಾಮು ಬಿಡದೆ ಬರೆದಿಟ್ಟರೆ ಅದು ಒಳ್ಳೆಯ ಪಿಎಚ್‌ಡಿ ಕೆಲಸ. ಗ್ರಾಹಕರ ತೃಪ್ತಿಯ ಬಗ್ಗೆ ನೂರು ಜನರಿಗೆ ಪ್ರಶ್ನಾವಳಿ ಹಂಚಿ ಬರೆದ ಪ್ರಾಜೆಕ್ಟ್ ವರದಿಗಳು ಗ್ರಂಥಾಲಯದಲ್ಲಿ ಬೇಕಾದಷ್ಟಿವೆ. ಅವನ್ನು ಮತ್ತೆ ತೆರೆದು ಓದುವವರು ಕಡಿಮೆ. ಮೆಣಸಿನಕಾಯಿ ಲೆಕ್ಕವನ್ನು ಮಾತ್ರ ರೈತರೂ ಓದುತ್ತಾರೆ, ಸರ್ಕಾರವೂ ಓದಬೇಕಾಗುತ್ತದೆ.

ಭತ್ತದ್ದೂ ಹೀಗೇ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಗಂಗಾವತಿಯ ಮಿಲ್ಲುಗಳಿಂದ ಹಿಡಿದು ಗೊಬ್ಬರದ ಅಂಗಡಿಯವರೆಗೆ ಎಲ್ಲರ ಎದೆ ಹೊಡೆದುಕೊಂಡಿತು. ರಿಸ್ಕ್ ಮ್ಯಾನೇಜ್‌ಮೆಂಟ್ ಪಾಠಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಾಗಿಲ್ಲ.

ಇದಕ್ಕೆಲ್ಲ ಅಧ್ಯಾಪಕರು ಬೇಕು. ಇಲ್ಲಿ ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ನಮ್ಮ ರಾಜ್ಯದ ಎಷ್ಟೋ ವಿಭಾಗಗಳು ಅತಿಥಿ ಉಪನ್ಯಾಸಕರ ಮೇಲೆ ನಡೆಯುತ್ತಿವೆ. ಪ್ರತಿ ವರ್ಷ ‘ಮುಂದಿನ ವರ್ಷ ಇರ್ತೀನೋ ಇಲ್ವೋ’ ಅನ್ನುವ ಚಿಂತೆಯಲ್ಲಿರುವವರು ಎರಡು ಹಂಗಾಮು ಮಾರುಕಟ್ಟೆಯಲ್ಲಿ ಕೂತು ಲೆಕ್ಕ ಬರೆಯುವುದು ಹೇಗೆ? ಕಟ್ಟಡಕ್ಕಿಂತ ಮೊದಲು ಖಾಯಂ ಹುದ್ದೆ ತುಂಬಬೇಕು. ಹೊರಗೆ ಸುತ್ತಾಡಿ ಕೇಸ್ ಬರೆಯುವವರಿಗೆ ಪಾಠದ ಗಂಟೆಯಲ್ಲಿ ಸ್ವಲ್ಪ ರಿಯಾಯಿತಿ ಕೊಡಬೇಕು. ಬಡ್ತಿಯಲ್ಲೂ ಅದಕ್ಕೆ ಬೆಲೆ ಸಿಗಬೇಕು.

ಭಾಷೆಯದ್ದೂ ಒಂದು ಮಾತಿದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳು ಗ್ರೂಪ್ ಡಿಸ್ಕಷನ್ ಅಂದರೆ ಹಿಂದಿನ ಬೆಂಚಿಗೆ ಸರಿಯುತ್ತಾರೆ. ಅದೇ ಮಕ್ಕಳನ್ನು ರಾಯಚೂರಿನ ಹತ್ತಿ ಮಾರುಕಟ್ಟೆಗೆ ಕರೆದುಕೊಂಡು ಹೋಗಿ. ಮಾಲು ನೋಡಿ ದರ ಹೇಳುತ್ತಾರೆ, ದಲಾಲರ ಜೊತೆ ಮಾತಾಡುತ್ತಾರೆ. ಚರ್ಚೆ ಕನ್ನಡದಲ್ಲಿ ನಡೆಯಲಿ, ವರದಿ ಇಂಗ್ಲಿಷಿನಲ್ಲಿ ಬರೆಸಿ. ವಿಷಯ ಗೊತ್ತಿದ್ದಾಗ ಇಂಗ್ಲಿಷ್ ಬೇಗ ಬರುತ್ತದೆ. ಇದನ್ನು ನಾನು ತರಗತಿಯಲ್ಲಿ ಕಣ್ಣಾರೆ ನೋಡಿದ್ದೇನೆ.

ಹೀಗೆ ಊರಿನ ಸುತ್ತ ಕಟ್ಟಿದ ಮ್ಯಾನೇಜ್‌ಮೆಂಟ್ ಶಾಲೆ ದೇಶದಲ್ಲಿ ಹೊಸದಲ್ಲ. ಅಮುಲ್ ಕಟ್ಟಿದ ವರ್ಗೀಸ್ ಕುರಿಯನ್ ಅವರು 1979ರಲ್ಲಿ ಗುಜರಾತಿನ ಆನಂದ್ ಊರಿನಲ್ಲಿ ಇರ್ಮಾ ಅನ್ನುವ ಗ್ರಾಮೀಣ ಮ್ಯಾನೇಜ್‌ಮೆಂಟ್ ಸಂಸ್ಥೆ ಶುರು ಮಾಡಿದರು. ಹಾಲಿನ ಸಹಕಾರ ಸಂಘಗಳಿಗೆ ಓದಿದ ಮ್ಯಾನೇಜರುಗಳು ಬೇಕು ಅನ್ನುವುದೇ ಅದರ ಹಿಂದಿನ ಯೋಚನೆ. ಹಳ್ಳಿಯಲ್ಲಿ ಉಳಿದು ಕಲಿಯುವುದನ್ನು ಅಲ್ಲಿ ಕೋರ್ಸಿನ ಭಾಗವೇ ಮಾಡಿದರು. ಅದರಿಂದ ಅವರ ಹೆಸರು ಕಡಿಮೆಯಾಗಲಿಲ್ಲ, ದೇಶವೆಲ್ಲ ಹಬ್ಬಿತು.

ಇನ್ನು ಪ್ರಗತಿಯ ಅಳತೆ. ವಿಭಾಗ ಪ್ರತಿ ವರ್ಷ ಒಂದು ಹಾಳೆಯಲ್ಲಿ, ಕನ್ನಡದಲ್ಲಿ, ಊರಿನವರಿಗೆ ವರದಿ ಕೊಡಬೇಕು ಅನ್ನುವುದು ನನ್ನ ಆಸೆ. ಈ ವರ್ಷ ಎಷ್ಟು ಕೇಸ್ ಬರೆದೆವು, ಎಷ್ಟು ಘಟಕಗಳಿಗೆ ನೋಂದಣಿ ಮಾಡಿಸಿಕೊಟ್ಟೆವು, ಅಂಗಡಿ ನಡೆಸುವವರಿಗೆ ಸಂಜೆ ತರಗತಿ ನಡೆಸಿದೆವೋ ಇಲ್ಲವೋ, ಐದು ವರ್ಷದ ಹಿಂದೆ ಓದಿ ಹೋದವರು ಈಗ ಎಲ್ಲಿದ್ದಾರೆ. ಪ್ಲೇಸ್‌ಮೆಂಟ್ ದಿನದ ಫೋಟೋ ಎಲ್ಲರೂ ಹಾಕುತ್ತಾರೆ. ಆರು ತಿಂಗಳಿಗೆ ಬೆಂಗಳೂರಿನ ಬಾಡಿಗೆ ಕಟ್ಟಲಾಗದೆ ವಾಪಸ್ ಬಂದ ಮಕ್ಕಳ ಲೆಕ್ಕವನ್ನೂ ಇಡಬೇಕು. ಅವರ ಜೊತೆ ಕೂತು ಮಾತಾಡಿದರೆ ಪಠ್ಯದಲ್ಲಿ ಏನು ಬದಲಾಗಬೇಕು ಅನ್ನುವುದು ಗೊತ್ತಾಗುತ್ತದೆ.

ಕೊನೆಗೆ ವ್ಯಾಪಾರ ಮಾಡುವ ಕೇಳುಗರಲ್ಲಿ ಒಂದು ವಿನಂತಿ. ಜೀನ್ಸ್ ಘಟಕ ಇರಲಿ, ರೈಸ್ ಮಿಲ್ ಇರಲಿ, ಅಡತಿ ಅಂಗಡಿ ಇರಲಿ, ಪ್ರಾಜೆಕ್ಟ್ ಮಾಡಬೇಕು ಅಂತ ಎಂಬಿಎ ಮಕ್ಕಳು ನಿಮ್ಮ ಬಾಗಿಲಿಗೆ ಬರುತ್ತಾರೆ. ಸುಮ್ನೆ ಒಂದು ಸೀಲು, ಸಹಿ ಹಾಕಿ ಕಳಿಸಬೇಡಿ. ವಾರದಲ್ಲಿ ಎರಡು ದಿನ ಕೂರಿಸಿಕೊಂಡು ಹಳೆಯ ವರ್ಷದ ಒಂದು ಖಾತೆ ಪುಸ್ತಕ ತೋರಿಸಿ. ಹೆಸರು ಬರಬಾರದು ಅಂದರೆ ಹೆಸರು ಬದಲಿಸಿ ಬರೆಯುವ ಪದ್ಧತಿ ಇದೆ, ಅದನ್ನು ಮೊದಲೇ ಬರೆಸಿಕೊಳ್ಳಿ. ಬರೆದು ಮುಗಿದ ಮೇಲೆ ಒಂದು ಪ್ರತಿ ಕೇಳಿ ಪಡೆಯಿರಿ. ತರಗತಿಯಲ್ಲಿ ಅದರ ಚರ್ಚೆ ನಡೆಯುವ ದಿನ ನೀವೂ ಬಂದು ಕೂತುಕೊಳ್ಳಿ.

ನಮಸ್ಕಾರ.